ಜ್ವರ ಹೋದ ಮೇಲೆ ಬರುವ ಜ್ವರ

(ಯುವಕ ಸಂಘ ಹಾಗೂ ಮಹಿಳಾ ಸಮಾಜದ ಕೂಡುಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಬೀಜ, ಗೊಬ್ಬರ, ಬದು, ಬಾವಿ ಇವುಗಳ ಮಾತನ್ನಾಡಲು ನಾನು ನಿಮ್ಮ ಊರಿಗೆ ಬರುವವನು. ನಾನು ಕಲಿತದ್ದು ಬೇಸಾಯದ ವಿದ್ಯೆ, ವೈದ್ಯವಲ್ಲ. ಆದರೂ ಈ ದಿನ ಮಕ್ಕಳ ಒಂದು ಕಾಯಿಲೆಯ ವಿಚಾರ ಹೇಳಬೇಕೆಂದು ನಿಮ್ಮ ಮುಂದೆ ನಿಂತಿದ್ದೇನೆ. ಅದಕ್ಕೆ ಕಾರಣವಿದೆ. ಒಮ್ಮೆ ನಾನು ತಿಳಿಯದ ವಿಷಯದಲ್ಲಿ ಬುದ್ಧಿ ಹೇಳಿ ತಪ್ಪು ಮಾಡಿದೆ. ಆ ತಪ್ಪು ನಿಮ್ಮ ಮನೆಯಲ್ಲಿ ಆಗಬಾರದು.

2021ನೆಯ ಇಸವಿಯ ಮಾತು. ಕೊರೋನಾದ ಎರಡನೆಯ ಅಲೆ ಹಳ್ಳಿಹಳ್ಳಿಗೂ ನುಗ್ಗಿದ್ದ ಕಾಲ. ನಾನು ಕೆಲಸಕ್ಕೆ ಸೇರಿದ ಹೊಸತು. ಮೃಗಶಿರಾ ಮಳೆ ಬಿದ್ದು, ನೆಲಗಡಲೆ ಬಿತ್ತನೆಗೆ ಎಲ್ಲರೂ ಅವಸರದಲ್ಲಿದ್ದರು. ಒಬ್ಬ ರೈತರ ಹೊಲದಲ್ಲಿ ಬೀಜೋಪಚಾರ ತೋರಿಸುತ್ತಿದ್ದೆ. ಕೆಲಸದ ನಡುವೆ ಅವರು, "ಸ್ವಾಮಿ, ನಮ್ಮ ಹುಡುಗನಿಗೆ ಎರಡು ದಿನದಿಂದ ಜ್ವರ. ಹೊಟ್ಟೆ ನೋವು ಅಂತ ಮುದುರಿಕೊಂಡು ಮಲಗಿದ್ದಾನೆ. ಏನು ಮಾಡೋಣ?" ಎಂದು ಕೇಳಿದರು. ಹುಡುಗನಿಗೆ ಒಂಬತ್ತು ವರ್ಷ. ನಾನು ಕೈಯ ಬೀಜವನ್ನು ಕೆಳಗಿಡದೆಯೇ, "ಮಳೆಯಲ್ಲಿ ನೆನೆದಿರಬೇಕು. ಇನ್ನೆರಡು ದಿನ ನೋಡಿ, ಬಿಟ್ಟುಹೋಗುತ್ತದೆ" ಎಂದುಬಿಟ್ಟೆ. ಓದಿದವನ ಮಾತು ಎಂದು ಅವರು ನಂಬಿದರು.

ನಾಲ್ಕನೆಯ ದಿನ ಹುಡುಗನ ಎರಡು ಕಣ್ಣೂ ಕೆಂಪಾದುವು. ಎದೆಯ ಮೇಲೆ ಗಂದೆಯಂತೆ ದದ್ದು ಎದ್ದಿತು. ಐದನೆಯ ದಿನ ಕೈಕಾಲು ತಣ್ಣಗಾಗಿ, ಕರೆದರೆ ಕಣ್ಣು ಬಿಡದಂತಾದ. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೂಗಿನ ದ್ರವದ ಪರೀಕ್ಷೆಯಲ್ಲಿ ಕೊರೋನಾ ಇಲ್ಲವೆಂದು ಬಂದಿತು. ಹೊಟ್ಟೆ ನೋವು ಜೋರಾಗಿದ್ದುದರಿಂದ ಕರುಳಿನ ತೊಂದರೆಯೋ, ಶಸ್ತ್ರಕ್ರಿಯೆ ಬೇಕಾದೀತೋ ಎಂಬ ಯೋಚನೆ ನಡೆಯಿತು. ಆಗ ವೈದ್ಯರು ತಂದೆಯನ್ನು, "ಒಂದು ತಿಂಗಳ ಹಿಂದೆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿತ್ತೇ?" ಎಂದು ಕೇಳಿದರು. ತಂದೆ, "ಇಲ್ಲ ಸ್ವಾಮಿ" ಎಂದರು.

ಬಂದಿತ್ತು. ಕೃತ್ತಿಕೆ ಮಳೆಯ ಹೊತ್ತಿಗೆ ಅಜ್ಜಿಗೂ ಅಪ್ಪನಿಗೂ ಜ್ವರ, ಕೆಮ್ಮು ಬಂದು, ನಾಲಿಗೆಗೆ ರುಚಿ ಕೆಟ್ಟಿತ್ತು. ಹುಡುಗನಿಗೆ ಒಂದು ದಿನ ನೆಗಡಿಯಾಗಿ ಹೋಗಿತ್ತು. ಹೇಳಿದರೆ ಮನೆಗೆ ಪಟ್ಟಿ ಕಟ್ಟುತ್ತಾರೆ, ಎಲ್ಲರನ್ನೂ ಕೋವಿಡ್ ಕೇಂದ್ರಕ್ಕೆ ಒಯ್ಯುತ್ತಾರೆ, ಬಿತ್ತನೆ ಕೆಡುತ್ತದೆ ಎಂದು ಅವರು ಯಾರಿಗೂ ಹೇಳಿರಲಿಲ್ಲ. ಆ ಭಯ ಏಕೆ ಇತ್ತೆಂಬುದು ನಿಮಗೆ ಗೊತ್ತು. ಬಾಗಿಲಲ್ಲಿ ನಿಂತಿದ್ದ ಅಜ್ಜಿ ತಡೆಯಲಾರದೆ, "ಬಂದಿತ್ತು ಕಣಪ್ಪಾ. ನನಗೇ ಮೊದಲು ಬಂದಿದ್ದು. ಮಗು ನನ್ನ ಪಕ್ಕದಲ್ಲೇ ಮಲಗ್ತಿತ್ತು" ಎಂದು ಬಾಯಿ ಬಿಟ್ಟರು.

ಆ ಒಂದು ಮಾತಿನಿಂದ ವೈದ್ಯರಿಗೆ ದಾರಿ ಕಂಡಿತು. ಹುಡುಗನನ್ನು ಒಡನೆಯೇ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದರು. ಅಲ್ಲಿ ನೋಡಿದಾಗ ರಕ್ತದೊತ್ತಡ ಇಳಿದಿತ್ತು, ಹೃದಯದ ಬಡಿತದಲ್ಲಿ ಬಲವಿರಲಿಲ್ಲ. ಹನ್ನೊಂದು ದಿನ ಅಲ್ಲಿದ್ದು, ದೇವರ ದಯೆ, ವೈದ್ಯರ ಶ್ರಮ, ಹುಡುಗ ಮನೆಗೆ ಬಂದ. ಮನೆಯವರ ಒಪ್ಪಿಗೆ ಪಡೆದು, ಹೆಸರು ಹೇಳದೆ, ಈ ಸಂಗತಿಯನ್ನು ನಿಮ್ಮ ಮುಂದೆ ಇಟ್ಟಿದ್ದೇನೆ. ಅಪ್ಪ ಮುಚ್ಚಿಟ್ಟದ್ದು ಹೆದರಿಕೆಯಿಂದ. ಆದರೆ ನಡುವೆ ಕಳೆದ ಆ ಎರಡು ದಿನಗಳು ನನ್ನ ಲೆಕ್ಕಕ್ಕೇ ಸೇರಿದುವು.

ಇದು ಯಾವ ಕಾಯಿಲೆ?

ವೈದ್ಯರು ಇದನ್ನು ಎಂ.ಐ.ಎಸ್.-ಸಿ. ಎಂದು ಕರೆಯುತ್ತಾರೆ. ಕೊರೋನಾ ತಗುಲಿ ವಾಸಿಯಾದ ಮೇಲೆ ಮಕ್ಕಳ ದೇಹದ ಹಲವು ಅಂಗಗಳಲ್ಲಿ ಒಮ್ಮೆಗೇ ಉರಿಯೂತ ಏಳುವ ಕಾಯಿಲೆ ಎಂದು ಇದರ ಅರ್ಥ. ಉರಿಯೂತವೆಂದರೆ ಮುಳ್ಳು ಚುಚ್ಚಿದ ಕಡೆ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುವುದಿಲ್ಲವೆ, ಅದೇ. ಅದು ಹೃದಯ, ಕರುಳು, ರಕ್ತನಾಳ, ಕಣ್ಣು, ಚರ್ಮಗಳಲ್ಲಿ ಒಟ್ಟಿಗೆ ಎದ್ದರೆ ಮಗುವಿನ ಗತಿ ಏನೆಂದು ಯೋಚಿಸಿ.

2020ಕ್ಕೆ ಮೊದಲು ಈ ಕಾಯಿಲೆಯನ್ನು ಯಾರೂ ಕಂಡಿರಲಿಲ್ಲ. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಲಂಡನ್ ನಗರದ ಒಂದು ಮಕ್ಕಳ ಆಸ್ಪತ್ರೆಯ ವೈದ್ಯರು ಹತ್ತೇ ದಿನಗಳಲ್ಲಿ ಇಂತಹ ಎಂಟು ಮಕ್ಕಳನ್ನು ನೋಡಿದರು. ಅವರಲ್ಲಿ 14 ವರ್ಷದ ಒಬ್ಬ ಹುಡುಗ ಉಳಿಯಲಿಲ್ಲ. ಇಟಲಿ ದೇಶದ ಬೆರ್ಗಾಮೊ ಪ್ರಾಂತ ಕೊರೋನಾದಿಂದ ಬಹಳ ನರಳಿತ್ತು. ಅಲ್ಲಿನ ಆಸ್ಪತ್ರೆಯಲ್ಲಿ ಹಿಂದಿನ ಐದು ವರ್ಷಗಳಲ್ಲಿ ಇದನ್ನು ಹೋಲುವ ಕಾಯಿಲೆಯ 19 ಮಕ್ಕಳನ್ನು ಕಂಡಿದ್ದರೆ, ಎರಡೇ ತಿಂಗಳಲ್ಲಿ 10 ಮಕ್ಕಳು ಬಂದರು. 2020ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಕಾಯಿಲೆಯ ಲಕ್ಷಣಗಳನ್ನು ಪಟ್ಟಿ ಮಾಡಿ ಎಲ್ಲ ದೇಶಗಳಿಗೂ ಎಚ್ಚರಿಕೆ ಕೊಟ್ಟಿತು. ನಮ್ಮ ದೇಶದಲ್ಲಿಯೂ 2021ರ ಬೇಸಗೆಯ ಅಲೆ ಇಳಿದ ಕೆಲವು ವಾರಗಳಲ್ಲಿ ಇಂತಹ ಮಕ್ಕಳು ಆಸ್ಪತ್ರೆಗಳಿಗೆ ಬರತೊಡಗಿದರು.

ಬೆರ್ಗಾಮೊದವರು ಕಂಡಿದ್ದ ಆ ಹೋಲುವ ಕಾಯಿಲೆಯ ಹೆಸರು ಕವಾಸಾಕಿ ರೋಗ. ಜಪಾನ್ ದೇಶದ ಮಕ್ಕಳ ವೈದ್ಯರಾದ ಡಾಕ್ಟರ್ ತೊಮಿಸಾಕು ಕವಾಸಾಕಿಯವರು 1961ರಲ್ಲಿ ನಾಲ್ಕು ವರ್ಷದ ಒಂದು ಮಗುವಿನಲ್ಲಿ ಅದನ್ನು ಮೊದಲು ಗುರುತಿಸಿದರು. ಬಿಡದ ಜ್ವರ, ಕೆಂಪು ಕಣ್ಣು, ಬಿರಿದ ತುಟಿ, ಮೈಮೇಲೆ ದದ್ದು. ಆರು ವರ್ಷ ಕಾದು ನೋಡಿ, ಅಂತಹ 50 ಮಕ್ಕಳ ವಿವರವನ್ನು 1967ರಲ್ಲಿ ಪ್ರಕಟಿಸಿದರು. ಅದು ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ, ಕೊರೋನಾ ಇಲ್ಲದೆಯೂ ಬರುತ್ತದೆ, ನಮ್ಮ ದೇಶದಲ್ಲಿಯೂ ಉಂಟು. ಚಿಕಿತ್ಸೆ ಇಲ್ಲದೆ ಬಿಟ್ಟರೆ ನಾಲ್ವರಲ್ಲಿ ಸುಮಾರು ಒಂದು ಮಗುವಿಗೆ ಹೃದಯದ ರಕ್ತನಾಳಗಳು ಉಬ್ಬಿ ಕೆಡುತ್ತವೆ. ಆದುದರಿಂದ ನಾನು ಈಗ ಹೇಳುವ ಲಕ್ಷಣಗಳು ಎರಡು ಕಾಯಿಲೆಗಳಿಗೂ ಎಚ್ಚರಿಕೆ ಎಂದು ತಿಳಿಯಿರಿ.

ವಾಸಿಯಾದ ಮೇಲೆ ಏಕೆ ಬರುತ್ತದೆ?

ಒಂದು ಹೋಲಿಕೆ ಹೇಳುತ್ತೇನೆ. ಕಳ್ಳ ಬಂದನೆಂದು ಕಣದ ಕಾವಲುಗಾರ ದೊಣ್ಣೆ ಹಿಡಿದು ಎದ್ದ. ಕಳ್ಳ ಓಡಿಹೋದ. ಕತ್ತಲಲ್ಲಿ ಕಾವಲುಗಾರನಿಗೆ ಅದು ತಿಳಿಯದು. ಎದುರಿಗೆ ಬಂದ ಮನೆಯವರಿಗೇ ದೊಣ್ಣೆ ಬೀಸತೊಡಗಿದ. ಮಗುವಿನ ದೇಹದಲ್ಲಿ ಆಗುವುದು ಹೀಗೆಯೇ. ವಿಷಾಣುವನ್ನು ಓಡಿಸಲು ಎದ್ದ ದೇಹದ ರಕ್ಷಣಾಶಕ್ತಿ, ಕೆಲಸ ಮುಗಿದರೂ ಸುಮ್ಮನಾಗದೆ ತನ್ನ ಅಂಗಗಳ ಮೇಲೆಯೇ ತಿರುಗಿ ಬೀಳುತ್ತದೆ. 2024ರಲ್ಲಿ ಅಮೆರಿಕದ ಸಂಶೋಧಕರು ಇದಕ್ಕೆ ಒಂದು ಸುಳಿವನ್ನು ಕಂಡುಕೊಂಡರು. ಕೊರೋನಾ ವಿಷಾಣುವಿನ ಒಂದು ತುಣುಕು ನಮ್ಮ ದೇಹದ್ದೇ ಆದ ಒಂದು ಸಸಾರಜನಕದ ತುಣುಕನ್ನು ಹೋಲುತ್ತದೆ. ಅವರು ಪರೀಕ್ಷಿಸಿದ ರೋಗಿ ಮಕ್ಕಳಲ್ಲಿ ಮೂರನೆಯ ಒಂದು ಪಾಲಿನಷ್ಟು ಮಂದಿಯಲ್ಲಿ ದೇಹದ ಕಾವಲು ಆ ಹೋಲಿಕೆಗೆ ಮೋಸ ಹೋಗಿತ್ತು. ಕಳ್ಳ ಹೊದ್ದಂತಹ ಕಂಬಳಿಯನ್ನೇ ಮನೆಯವನೂ ಹೊದ್ದಿದ್ದರೆ ಕಾವಲುಗಾರ ತಾನೇ ಏನು ಮಾಡಿಯಾನು?

ದನ ಸಾಕುವವರಿಗೆ ಇನ್ನೊಂದು ಮಾತು ನೆನಪಿಸುತ್ತೇನೆ. ಕಾಲುಬಾಯಿ ಜ್ವರ ಬಂದರೆ ದೊಡ್ಡ ದನದ ಬಾಯಲ್ಲಿ, ಗೊರಸಿನ ಸಂದಿಯಲ್ಲಿ ಹುಣ್ಣಾಗುತ್ತದೆ. ಆದರೆ ಎಳೆಗರುವಿಗೆ ಹುಣ್ಣೇ ಕಾಣದೆ, ನೇರವಾಗಿ ಹೃದಯಕ್ಕೆ ತಗುಲಿ, ನಿಂತ ಕರು ಬಿದ್ದು ಸಾಯುವುದುಂಟು. ಅದು ಬೇರೆ ರೋಗ, ಅದರ ರೀತಿಯೂ ಬೇರೆ. ಆದರೂ ದೊಡ್ಡವರಲ್ಲಿ ಕಂಡ ಗುರುತೇ ಚಿಕ್ಕವರಲ್ಲಿಯೂ ಕಾಣಬೇಕೆಂದು ಕಾಯಬಾರದೆಂಬುದನ್ನು ಕೊಟ್ಟಿಗೆಯೇ ನಮಗೆ ಕಲಿಸಿದೆ. ಕೊರೋನಾ ಬಂದಾಗ ದೊಡ್ಡವರಿಗೆ ಕೆಮ್ಮು, ಉಬ್ಬಸ. ಈ ಕಾಯಿಲೆಯಲ್ಲಿ ಮಗುವಿಗೆ ಹೊಟ್ಟೆ ನೋವು, ವಾಂತಿ. ಆದುದರಿಂದಲೇ ಒಂದಕ್ಕೊಂದು ನಂಟಿದೆಯೆಂದು ಮನೆಯವರಿಗೆ ಹೊಳೆಯುವುದಿಲ್ಲ.

ಮಳೆಯ ಲೆಕ್ಕ

ಈ ಕಾಯಿಲೆ ಕೊರೋನಾ ತಗುಲಿದ ಎರಡು ವಾರದಿಂದ ಆರು ವಾರಗಳ ಒಳಗೆ ಕಾಣಿಸಿಕೊಳ್ಳುವುದು ಹೆಚ್ಚು. ನಮಗೆ ವಾರದ ಲೆಕ್ಕಕ್ಕಿಂತ ಮಳೆಯ ಲೆಕ್ಕ ಸುಲಭ. ಒಂದು ಮಳೆಯೆಂದರೆ ಹದಿಮೂರು ಹದಿನಾಲ್ಕು ದಿನ. ಮನೆಯಲ್ಲಿ ಜ್ವರ ಬಂದು ಒಂದು ಮಳೆ ಕಳೆದ ಮೇಲಿಂದ ಮೂರು ಮಳೆ ಮುಗಿಯುವವರೆಗೆ ಮಕ್ಕಳ ಮೇಲೆ ಕಣ್ಣಿರಲಿ. ಕೃತ್ತಿಕೆಯಲ್ಲಿ ಅಜ್ಜಿಗೆ ಬಂದ ಜ್ವರದ ಸಾಲ ಮೃಗಶಿರೆಯಲ್ಲಿ ಮೊಮ್ಮಗನ ಮೇಲೆ ಬಿದ್ದಿತು, ನೋಡಿ. ಮಗುವಿಗೆ ಆಗ ಕಾಯಿಲೆ ಆಗಿತ್ತೆಂದೇ ಕಾಣದಿದ್ದರೂ ಹೀಗಾಗಬಹುದು. ಮೊದಲೇ ಅಶಕ್ತವಾದ ಮಗುವಿಗೆ ಮಾತ್ರ ಬರುತ್ತದೆಂದೂ ತಿಳಿಯಬೇಡಿ. ಗಟ್ಟಿಮುಟ್ಟಾಗಿ ಆಡಿಕೊಂಡಿದ್ದ ಮಕ್ಕಳಿಗೇ ಬಂದದ್ದು ಹೆಚ್ಚು. ಎಂಟು ಒಂಬತ್ತು ವರ್ಷದ ಆಸುಪಾಸಿನವರು ಹೆಚ್ಚಾಗಿ ಸಿಕ್ಕಿಕೊಂಡರು.

ಲಕ್ಷಣಗಳು

ಮೊದಲನೆಯದು ಮೂರು ದಿನವಾದರೂ ಬಿಡದ ಜ್ವರ. ಅದರ ಜೊತೆಗೆ ಈ ಕೆಳಗಿನವುಗಳಲ್ಲಿ ಒಂದೋ ಎರಡೋ ಕಂಡರೆ ಮನೆಯಲ್ಲಿ ಕೂರಬೇಡಿ.

1. ಜೋರಾದ ಹೊಟ್ಟೆ ನೋವು, ವಾಂತಿ ಅಥವಾ ಭೇದಿ.
2. ಗೀಜು ಕಟ್ಟದೆ ಎರಡು ಕಣ್ಣೂ ಕೆಂಪಾಗುವುದು.
3. ಮೈಮೇಲೆ ಕೆಂಪು ದದ್ದು.
4. ತುಟಿ ಬಿರಿದು, ನಾಲಿಗೆ ಕೆಂಪಾಗುವುದು.
5. ಅಂಗೈ ಅಂಗಾಲು ಕೆಂಪಾಗಿ ಊದುವುದು, ಕತ್ತಿನಲ್ಲಿ ಗಂಟು ಕಟ್ಟುವುದು.

ಇನ್ನು ಕೆಲವು ಗುರುತುಗಳಿವೆ. ಅವು ಕಂಡರೆ ಮೂರು ದಿನವಲ್ಲ, ಮೂರು ಗಳಿಗೆಯೂ ಕಾಯಬಾರದು. ಜ್ವರವಿದ್ದೂ ಕೈಕಾಲು ತಣ್ಣಗಾಗುವುದು, ಉಸಿರು ವೇಗವಾಗುವುದು, ಎದೆ ನೋವು, ತುಟಿ ನೀಲಿಯಾಗುವುದು, ಮಂಪರು, ಮೂತ್ರ ಕಡಿಮೆಯಾಗುವುದು. ಮಗುವಿನ ಬೆರಳ ಉಗುರನ್ನು ಒತ್ತಿ ಬಿಡಿ. ಬಿಳಿಚಿದ ಉಗುರಿಗೆ ಮೂರು ಎಣಿಸುವಷ್ಟರಲ್ಲಿ ಕೆಂಪು ಮರಳದಿದ್ದರೆ ರಕ್ತದ ಓಟ ಕುಂದಿರಬಹುದು. ಒಡನೆಯೇ 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕಿದ ಗಾಡಿಯಲ್ಲಿ ಹೊರಡಿ. ಉಗುರಿನ ಪರೀಕ್ಷೆ ಸರಿಯಾಗಿದೆಯೆಂದು ಉಳಿದ ಗುರುತುಗಳನ್ನು ತಳ್ಳಿಹಾಕಬೇಡಿ.

ಇವೇ ಲಕ್ಷಣಗಳಲ್ಲಿ ಹಲವು ಡೆಂಗಿ, ಟೈಫಾಯಿಡ್, ಉಣ್ಣೆಯಂತಹ ಸಣ್ಣ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರಗಳಲ್ಲಿಯೂ ಕಾಣುತ್ತವೆ. ಯಾವುದೆಂದು ಹೇಳುವುದು ನಿಮ್ಮ ಕೆಲಸವೂ ಅಲ್ಲ, ನನ್ನ ಕೆಲಸವೂ ಅಲ್ಲ. ರಕ್ತ ಪರೀಕ್ಷೆ, ಹೃದಯದ ಸ್ಕ್ಯಾನಿಂಗ್ ಮಾಡಿ ವೈದ್ಯರು ಹೇಳುತ್ತಾರೆ. ಇವುಗಳಲ್ಲಿ ಯಾವುದೇ ಆಗಿರಲಿ, ಮನೆಯಲ್ಲಿ ಕಾದು ನೋಡುವಂತಹುದಲ್ಲ.

ಮಾಡಬೇಕಾದುದು, ಮಾಡಬಾರದುದು

ಆಸ್ಪತ್ರೆಯಲ್ಲಿ ಕುಳಿತೊಡನೆ, ವೈದ್ಯರು ಕೇಳಲಿ ಬಿಡಲಿ, "ಇಷ್ಟು ದಿನದ ಹಿಂದೆ ನಮ್ಮ ಮನೆಯಲ್ಲಿ, ಅಥವಾ ನಮ್ಮ ಕೇರಿಯಲ್ಲಿ, ಜ್ವರ ಕೆಮ್ಮು ಇತ್ತು" ಎಂದು ಹೇಳಿಬಿಡಿ. ನನ್ನ ಇಡೀ ಭಾಷಣದಲ್ಲಿ ನೀವು ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಮೂಗಿನ ಪರೀಕ್ಷೆಯಲ್ಲಿ ಇಲ್ಲವೆಂದು ಬಂದರೂ ಈ ಮಾತು ಹೇಳಿ. ಏಕೆಂದರೆ ಅಷ್ಟು ಹೊತ್ತಿಗೆ ವಿಷಾಣು ಮೂಗಿನಿಂದ ಹೋಗಿರುತ್ತದೆ; ಅದು ಬಂದು ಹೋದ ಹೆಜ್ಜೆಗುರುತು ರಕ್ತದಲ್ಲಿರುತ್ತದೆ. ಯಾವ ರಕ್ತ ಪರೀಕ್ಷೆ ಮಾಡಿಸಬೇಕೆಂದು ವೈದ್ಯರಿಗೆ ತೋರುವುದು ನಿಮ್ಮ ಮಾತಿನಿಂದ.

ಹೋಗುವಾಗ ಜ್ವರ ಎಂದು ಶುರುವಾಯಿತು, ಏನೇನು ಔಷಧ ಕೊಟ್ಟಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ತಾಯಿ ಕಾರ್ಡು, ಆಯುಷ್ಮಾನ್ ಕಾರ್ಡು, ರೇಷನ್ ಕಾರ್ಡುಗಳನ್ನು ಒಂದು ಚೀಲದಲ್ಲಿ ಹಾಕಿಟ್ಟಿರಿ. ನಡುರಾತ್ರಿ ಹುಡುಕುವ ಪಾಡು ಬೇಡ.

ಅಂಗಡಿಯ ಆಸ್ಪಿರಿನ್ ಮಾತ್ರೆಯನ್ನು ಮಕ್ಕಳಿಗೆ ಎಂದೂ ನೀವಾಗಿ ಕೊಡಬೇಡಿ. ಡೆಂಗಿ ಇದ್ದರೆ ರಕ್ತಸ್ರಾವವಾದೀತು. ಕೆಲವು ವಿಷಾಣು ಜ್ವರಗಳಲ್ಲಿ ಮಿದುಳಿಗೂ ಯಕೃತ್ತಿಗೂ ಪೆಟ್ಟಾದೀತು. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡುವುದಾದರೆ ಮಗುವಿನ ತೂಕಕ್ಕೆ ತಕ್ಕಷ್ಟು ಎಂದು ಕೇಳಿಕೊಂಡು ಕೊಡಿ. "ಒಂದು ಇಂಜೆಕ್ಷನ್ ಹಾಕಿ ಸಾರ್, ಜ್ವರ ಬಿಡಲಿ" ಎಂದು ಪೇಟೆಯಲ್ಲಿ ಹಾಕಿಸಿಕೊಂಡು ಬರಬೇಡಿ. ಕೆಲವು ಇಂಜೆಕ್ಷನ್ನು ಜ್ವರವನ್ನು ಮುಚ್ಚುತ್ತದೆಯೇ ಹೊರತು ಕಾಯಿಲೆಯನ್ನು ತೆಗೆಯುವುದಿಲ್ಲ. ದೃಷ್ಟಿ ತೆಗೆಯುವುದಾದರೆ ತೆಗೆಯಿರಿ. ಆದರೆ ತೆಗೆದು ಗಾಡಿ ಹತ್ತಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಇದಕ್ಕೆ ಮುಖ್ಯವಾಗಿ ಎರಡು ಔಷಧಗಳಿವೆ. ಒಂದು, ಸಾವಿರಾರು ಮಂದಿ ದಾನ ಮಾಡಿದ ರಕ್ತದ ತಿಳಿಯಿಂದ ತೆಗೆದ ಇಮ್ಯುನೊಗ್ಲಾಬ್ಯುಲಿನ್. ಮಗುವಿನ ತೂಕದ ಪ್ರತಿ ಕಿಲೋಗ್ರಾಮಿಗೆ 2 ಗ್ರಾಮಿನಂತೆ ನರಕ್ಕೆ ಹನಿಹನಿಯಾಗಿ ಕೊಡುತ್ತಾರೆ. ಇಪ್ಪತ್ತು ಕಿಲೋ ತೂಗುವ ಮಗುವಿಗೆ 40 ಗ್ರಾಂ ಬೇಕು. ಇದು ಬೆಲೆ ಬಾಳುವ ಔಷಧ. ಎರಡನೆಯದು ಸ್ಟೀರಾಯ್ಡು, ರೊಚ್ಚಿಗೆದ್ದ ಕಾವಲುಗಾರನ ಕೈಯಿಂದ ದೊಣ್ಣೆ ಬಿಡಿಸುವುದು ಇದರ ಕೆಲಸ. ರಕ್ತ ಹೆಪ್ಪುಗಟ್ಟದಿರಲೆಂದು ಅಲ್ಲಿ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡುವುದುಂಟು. ಅದು ವೈದ್ಯರ ಕಣ್ಣಳತೆಯಲ್ಲಿ ಆಗುವ ಕೆಲಸ, ಅದನ್ನು ನೋಡಿ ಮನೆಯಲ್ಲಿ ಅನುಸರಿಸಬೇಡಿ.

ಸಕಾಲಕ್ಕೆ ಹೋದ ಮಕ್ಕಳಲ್ಲಿ ಬಹುಪಾಲು ಮಂದಿ ಗುಣ ಹೊಂದುತ್ತಾರೆ. ಅಮೆರಿಕದಲ್ಲಿ ಒಟ್ಟು 9,000ಕ್ಕೂ ಹೆಚ್ಚು ಮಕ್ಕಳಿಗೆ ಈ ಕಾಯಿಲೆ ಬಂದ ದಾಖಲೆಯಿದೆ. ಮೊದಲ ವರ್ಷಗಳಲ್ಲಿ ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ತೀವ್ರ ನಿಗಾ ಘಟಕ ಬೇಕಾಯಿತು. ಆದರೂ ನೂರಕ್ಕೆ 98ಕ್ಕೂ ಹೆಚ್ಚು ಮಕ್ಕಳು ಉಳಿದುಕೊಂಡರು. ದುರ್ಬಲವಾದ ಹೃದಯವೂ ಹೆಚ್ಚಿನ ಮಕ್ಕಳಲ್ಲಿ ಕೆಲವು ವಾರ, ತಿಂಗಳುಗಳಲ್ಲಿ ಮೊದಲಿನಂತಾಗುತ್ತದೆ. ಹೀಗೆ ಉಳಿಸಬಹುದಾದ ಮಗುವನ್ನು ತಡ ಮಾಡಿ ಕಳೆದುಕೊಳ್ಳುವುದು ಎಂತಹ ಸಂಕಟ!

ಮನೆಗೆ ಬಂದ ಮೇಲೂ ಕೆಲಸ ಮುಗಿಯಲಿಲ್ಲ. ಹೇಳಿದ ದಿನಕ್ಕೆ ಹೃದಯದ ಪರೀಕ್ಷೆಗೆ ಕರೆದೊಯ್ಯಬೇಕು. ವೈದ್ಯರು ಸರಿ ಎನ್ನುವವರೆಗೆ, ಕೆಲವು ತಿಂಗಳೇ ಆಗಲಿ, ಓಟ, ಕಬಡ್ಡಿ, ಭಾರ ಹೊರುವುದು ಬೇಡ. ಸ್ಟೀರಾಯ್ಡು ಮಾತ್ರೆಯನ್ನು ನಡುವೆ ತಟ್ಟನೆ ನಿಲ್ಲಿಸಬಾರದು. ಇಮ್ಯುನೊಗ್ಲಾಬ್ಯುಲಿನ್ ಪಡೆದ ಮಗುವಿಗೆ ದಡಾರದ ಲಸಿಕೆಯನ್ನು ಕೆಲವು ತಿಂಗಳು ಮುಂದೂಡಬೇಕಾಗುತ್ತದೆ. ಆದುದರಿಂದ ಲಸಿಕೆಗೆ ಹೋದಾಗ ಆರೋಗ್ಯ ಸಹಾಯಕಿಗೆ ಆಸ್ಪತ್ರೆಯ ಚೀಟಿ ತೋರಿಸಿ.

ಈಗಲೂ ಏಕೆ ಈ ಮಾತು?

"ಕೊರೋನಾ ಹೋಯಿತಲ್ಲ, ಇನ್ನೇಕೆ ಇದು?" ಎಂದು ಕೆಲವರು ಕೇಳಬಹುದು. ತುರ್ತು ಪರಿಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಾರಿದ್ದು ನಿಜ. ಈ ಕಾಯಿಲೆ 2020, 2021ರಲ್ಲಿ ಇದ್ದುದಕ್ಕಿಂತ ಬಹಳ ಅಪರೂಪವಾಗಿರುವುದೂ ನಿಜ. ನಿಮ್ಮನ್ನು ಹೆದರಿಸುವುದಕ್ಕೆ ನಾನು ಬಂದಿಲ್ಲ. ಮಕ್ಕಳಿಗೆ ಬರುವ ಜ್ವರಗಳಲ್ಲಿ ಹೆಚ್ಚಿನವು ತಾವಾಗಿಯೇ ಬಿಟ್ಟುಹೋಗುತ್ತವೆ. ಆದರೆ ವಿಷಾಣು ಭೂಮಿಯಿಂದ ಹೋಗಿಲ್ಲ. ಅದನ್ನು ಎಂದೂ ಎದುರಿಸದ ಕೂಸುಗಳು ದಿನವೂ ಹುಟ್ಟುತ್ತಿವೆ. ಕವಾಸಾಕಿ ರೋಗವಂತೂ ಕೊರೋನಾಕ್ಕೆ ಮೊದಲೂ ಇತ್ತು, ಈಗಲೂ ಇದೆ. ಕಾಯಿಲೆ ಅಪರೂಪವಾದಷ್ಟೂ ಮರೆವು ಹೆಚ್ಚು. ಮರೆತ ಕಾಯಿಲೆಯನ್ನು ಗುರುತಿಸುವುದು ತಡವಾಗುತ್ತದೆ.

ಕೊನೆಯದಾಗಿ ಒಂದು ಅರಿಕೆ. ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಇಂತಹ ಮಗುವಿರುವ ಮನೆಯನ್ನು ದೂರ ಇಡಬೇಡಿ. ಅವರ ಹಸುವಿಗೆ ಹುಲ್ಲು ಹಾಕಿ, ಬಿತ್ತನೆಗೆ ಎತ್ತು ಕೊಟ್ಟು, ಉಳಿದ ಮಕ್ಕಳಿಗೆ ಊಟವಿಡಿ. ಕಾಯಿಲೆಯನ್ನು ಹೇಳಿಕೊಂಡವರಿಗೆ ಊರು ಕೈಬಿಡುವುದಿಲ್ಲ ಎಂಬ ಧೈರ್ಯವಿದ್ದರೆ ಯಾವ ತಂದೆಯೂ ವೈದ್ಯರ ಮುಂದೆ "ಇಲ್ಲ" ಎನ್ನುವುದಿಲ್ಲ. ಆ ದಿನ ಆ ತಂದೆಯ ಬಾಯಿ ಕಟ್ಟಿದ್ದು ನಮ್ಮೆಲ್ಲರ ಭಯ.

ಆ ಹುಡುಗ ಈಗ ಹೈಸ್ಕೂಲಿಗೆ ಹೋಗುತ್ತಾನೆ. ನಾನು ಅವರ ಹೊಲಕ್ಕೆ ಹೋದರೆ ಮಜ್ಜಿಗೆ ತಂದು ಕೊಡುತ್ತಾನೆ. ಈಗ ಯಾರಾದರೂ "ಮಗುವಿಗೆ ಜ್ವರ ಸ್ವಾಮಿ" ಎಂದರೆ ನಾನು ಕೈಯ ಬೀಜ ಕೆಳಗಿಡುತ್ತೇನೆ. "ಎಷ್ಟು ದಿನವಾಯಿತು? ಹಿಂದಿನ ಮಳೆಯಲ್ಲಿ ಮನೆಯಲ್ಲಿ ಯಾರಿಗಾದರೂ ಜ್ವರವಿತ್ತೆ?" ಎಂದು ಕೇಳುತ್ತೇನೆ. ಉತ್ತರ ಏನೇ ಬರಲಿ, ಆಶಾ ಕಾರ್ಯಕರ್ತೆಯ ಮನೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ದಾರಿ ತೋರಿಸುತ್ತೇನೆ. ನೀವೂ ಹಾಗೆಯೇ ಮಾಡಿ. ಈ ಪತ್ರಿಕೆ ಕೈಗೆ ಬಂದವರು ಓದು ಬಾರದ ಅಜ್ಜಿ ತಾತಂದಿರಿಗೆ ಜಗಲಿಯಲ್ಲಿ ಕೂತು ಒಮ್ಮೆ ಓದಿ ಹೇಳಿ. ಆ ದಿನ ಮಗುವನ್ನು ಉಳಿಸಿದ ಮಾತು ಒಬ್ಬ ಅಜ್ಜಿಯ ಬಾಯಿಂದಲೇ ಬಂದದ್ದು.